ನಿಧಿ ಬೇಡ, ಬೋಕಿ ಸಾಕು

ಹಿರಿಯೂರಿನ ಬೇಸಿಗೆಯಲ್ಲಿ ಸಂಜೆ ಕರೆಂಟು ಹೋಯಿತೆಂದರೆ ಬೇಲಿಯ ಹತ್ತಿರ ನಿಂತು ಮಾತಾಡದೆ ಬೇರೆ ದಾರಿಯಿಲ್ಲ. ನಮ್ಮ ಬೇಲಿಯಲ್ಲಿ ರಾಜಕೀಯ ನಿಷಿದ್ಧ, ಜಾತಿ ನಿಷಿದ್ಧ, ಸಕ್ಕರೆ ಕಾಯಿಲೆಗೆ ಮಾತ್ರ ಐದು ನಿಮಿಷದ ರಿಯಾಯಿತಿ ಇದೆ. ಉಳಿದದ್ದು ಪುಸ್ತಕ. ಪುಸ್ತಕ ಅಂದರೆ ಈಚೆಗೆ ಗಣೇಶಯ್ಯ.

ಕೆ. ಎನ್. ಗಣೇಶಯ್ಯ ಕೃಷಿ ವಿಜ್ಞಾನಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಬೀಜ, ಹೂವು, ವಿಕಾಸವಾದ ಅಂತ ಸಂಶೋಧನೆ ಮಾಡಿಕೊಂಡಿದ್ದವರು 'ಶಾಲಭಂಜಿಕೆ', 'ಕನಕ ಮುಸುಕು', 'ಕರಿಸಿರಿಯಾನ', 'ಕಪಿಲಿಪಿಸಾರ', 'ಚಿತಾದಂತ', 'ಏಳು ರೊಟ್ಟಿಗಳು' ಅಂತ ಒಂದರ ಹಿಂದೊಂದು ಬರೆದು, ಕನ್ನಡದಲ್ಲಿ ಶಾಸನವನ್ನೂ ಪತ್ತೇದಾರಿಯನ್ನೂ ಒಂದೇ ನೊಗಕ್ಕೆ ಕಟ್ಟಿಬಿಟ್ಟರು. ಎಲ್ಲೋ ಒಂದು ಶಿಲ್ಪ, ಎಲ್ಲೋ ಒಂದು ತಾಳೆಗರಿ, ಅದರೊಳಗೊಂದು ಗುಟ್ಟು, ಹಿಂದೆ ಬಿದ್ದ ಕಳ್ಳರು, ಮುಂದೆ ಓಡುವ ಸಂಶೋಧಕರು. ಜೊತೆಗೆ ಫೋಟೊ, ನಕ್ಷೆ, ಆಧಾರಗ್ರಂಥಗಳ ಪಟ್ಟಿ.

ಬೇಲಿಯಾಚೆಯ ಮೇಷ್ಟ್ರಿಗೆ ಈ ಪಟ್ಟಿ ಕಂಡರೇ ಆಗದು. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವರು. "ಸುಳ್ಳು ಹೇಳೋನು ಸುಳ್ಳು ಅಂತಲೇ ಹೇಳಬೇಕಮ್ಮ. ಕೆಳಗೆ ಅಡಿಟಿಪ್ಪಣಿ ಹಾಕಿದ್ರೆ ಓದೋನು ಯಾವುದನ್ನ ನಂಬ್ತಾನೆ, ಯಾವುದನ್ನ ಬಿಡ್ತಾನೆ?" ಅನ್ನುತ್ತಾರೆ. ಅವರ ಸೊಸೆ ಇದಕ್ಕೆ ಸರಿಯಾಗಿ ಉಲ್ಟಾ. "ಅಕ್ಕಾ, ನಾನು ಸೋಮನಾಥಪುರಕ್ಕೆ ಹೋಗಿದ್ದೇ 'ಕನಕ ಮುಸುಕು' ಓದಿ. ಮಾವನ ಪಾಠ ಕೇಳಿ ಯಾರು ಹೋಗಿದ್ರು ಕೇಳಿ?" ಅಂತ ಬಟ್ಟೆ ತೆಗೆಯುತ್ತ ಕಿಸಕ್ಕನೆ ನಗುತ್ತಾಳೆ. ಅವಳಿಗೂ ಒಂದು ತಕರಾರಿದೆ. ಪಾತ್ರಗಳು ಮಾತಾಡುವುದಿಲ್ಲ, ಉಪನ್ಯಾಸ ಕೊಡುತ್ತವೆ. ಇಬ್ಬರಿಗೂ ಗೊತ್ತಿರುವ ವಿಷಯವನ್ನು ಒಬ್ಬರು ಇನ್ನೊಬ್ಬರಿಗೆ ಪುಟಗಟ್ಟಲೆ ಹೇಳುತ್ತಾರೆ. ಹಿಂದೆ ಪಿಸ್ತೂಲು ಹಿಡಿದವನು ಪಾಠ ಮುಗಿಯುವ ತನಕ ಪಾಪ ಕಾಯುತ್ತಿರುತ್ತಾನೆ. ಇದಕ್ಕೆ ನನ್ನದೂ ಒಪ್ಪಿಗೆ.

ನಮ್ಮ ದುರ್ಗದ ಸೀಮೆಯವರಿಗೆ ಸರಣಿ ಕಾದಂಬರಿ ಹೊಸದೇನಲ್ಲ ಅನ್ನುವುದನ್ನು ಮೇಷ್ಟ್ರು ಮರೆಯಲು ಬಿಡುವುದಿಲ್ಲ. ತ.ರಾ.ಸು. ಪಾಳೆಯಗಾರರ ಮೇಲೆ ಬರೆದ 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದರ ಬಾಲ ಒಂದು ಹಿಡಿದು ಬಂದವು. ಕೊನೆಗೆ 1982ರಲ್ಲಿ 'ದುರ್ಗಾಸ್ತಮಾನ'. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರೇ ಇರಲಿಲ್ಲ. "ದಳವಾಯಿ ಮುದ್ದಣ್ಣನಂಥ ಖಳನನ್ನ ಗಣೇಶಯ್ಯ ಒಬ್ಬನ್ನಾದ್ರೂ ಮಾಡಿದಾರಾ?" ಅಂತ ಮೇಷ್ಟ್ರ ಸವಾಲು. ಮಾಡಿಲ್ಲ, ಒಪ್ಪಿದೆ. ಆದರೆ ತ.ರಾ.ಸು. ಓದಿದವನು ಎದೆಯುಬ್ಬಿಸಿಕೊಂಡು ಕೋಟೆ ಹತ್ತುತ್ತಾನೆ. ಗಣೇಶಯ್ಯನವರನ್ನು ಓದಿದವನು ಕೋಟೆಯ ಕಲ್ಲಿನ ಹತ್ತಿರ ಕೂತು, ಇದು ಇಲ್ಲಿಗೆ ಹೇಗೆ ಬಂತು ಅಂತ ಕೇಳುತ್ತಾನೆ. ನನಗೆ ಎರಡನೆಯವನ ಜೊತೆ ಪ್ರವಾಸ ಹೋಗುವುದು ಇಷ್ಟ.

ಇಂಗ್ಲಿಷಿನಲ್ಲೂ ಇಂಥದ್ದೊಂದು ಸರಣಿ ಇದೆ. ಬಾರ್ಬರಾ ಮರ್ಟ್ಸ್ ಅನ್ನುವಾಕೆ ಶಿಕಾಗೊದಲ್ಲಿ ಈಜಿಪ್ಟಿನ ಇತಿಹಾಸದಲ್ಲಿ ಡಾಕ್ಟರೇಟು ಪಡೆದವಳು. ಎಲಿಜಬೆತ್ ಪೀಟರ್ಸ್ ಅನ್ನುವ ಹೆಸರಿನಲ್ಲಿ 1975ರಿಂದ ಅಮೀಲಿಯಾ ಪೀಬಡಿಯ ಕಥೆ ಬರೆದಳು. ಛತ್ರಿಯನ್ನೇ ಆಯುಧ ಮಾಡಿಕೊಂಡ ನಾಯಕಿ, ಸಿಡುಕು ಮೋರೆಯ ಗಂಡ, ಅತಿ ಬುದ್ಧಿಯ ಮಗ. ಎಲ್ಲರೂ ಸೇರಿ ಗೋರಿ ಅಗೆಯುವುದು, ಅಗೆದಲ್ಲೆಲ್ಲ ಹೊಸ ಹೆಣ! ಒಟ್ಟು ಇಪ್ಪತ್ತು ಕಾದಂಬರಿ. ಆಕೆ 2013ರಲ್ಲಿ ತೀರಿಕೊಂಡ ಮೇಲೆ ಕೊನೆಯದನ್ನು ಗೆಳತಿ ಜೋನ್ ಹೆಸ್ ಮುಗಿಸಿದಳು. ಮೇಷ್ಟ್ರ ಸೊಸೆ ಅಮೆರಿಕದ ಅಕ್ಕನಿಂದ ತರಿಸಿಕೊಂಡು ಆರೇಳು ಓದಿದ್ದಾಳೆ. ಬರುಬರುತ್ತ ಕೊಲೆ ಯಾರು ಮಾಡಿದರು ಅನ್ನುವುದೇ ಮರೆತುಹೋಗುತ್ತದಂತೆ, ಮಗನಿಗೆ ಮದುವೆ ಆಯಿತಾ ಅನ್ನುವುದೇ ಮುಖ್ಯವಾಗುತ್ತದಂತೆ. "ಅದೇ ಚೆನ್ನಾಗಿರೋದು ಅಕ್ಕಾ!" ಅನ್ನುವುದು ಅವಳ ತೀರ್ಪು. ಗಣೇಶಯ್ಯನವರ ಪುಸ್ತಕದಲ್ಲಿ ಯಾರೂ ಊಟ ಮಾಡಿದ ನೆನಪು ನನಗಿಲ್ಲ. ಒಂದು ಮುದ್ದೆಯನ್ನಾದರೂ ಉಣ್ಣಿಸಬಹುದಿತ್ತು.

ಚರ್ಚೆಗೆ ನಿಜವಾದ ಕಳೆ ಬಂದದ್ದು ಎದುರುಮನೆ ಗೌಡರಿಂದ. ಅವರು ಕಾದಂಬರಿ ಓದುವವರಲ್ಲ, ಮೆಕ್ಕೆಜೋಳ ಬೆಳೆಯುವವರು. 'ಕನಕ ಮುಸುಕು' ಕಾದಂಬರಿಯ ಗಂಟು ಇರುವುದೇ ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯಲ್ಲಿ. ಇದು ಲೇಖಕರು ಹುಟ್ಟಿಸಿದ್ದಲ್ಲ. 1989ರಲ್ಲಿ ಜೊಹಾನೆಸೆನ್ ಮತ್ತು ಪಾರ್ಕರ್ ಎಂಬ ಇಬ್ಬರು ಅಮೆರಿಕನ್ನರು, ಸೋಮನಾಥಪುರ ಮೊದಲಾದ ಕಡೆ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳವೇ ಅಂತ ಲೇಖನ ಬರೆದರು. ಕೊಲಂಬಸ್ ಹೊರಟದ್ದು 1492ರಲ್ಲಿ. ಸೋಮನಾಥಪುರದ ಗುಡಿ 13ನೇ ಶತಮಾನದ್ದು. ಅಮೆರಿಕದ ಬೆಳೆ ಇಲ್ಲಿಗೆ ಮೊದಲೇ ಹೇಗೆ ಬಂತು? 1993ರಲ್ಲಿ ನಮ್ಮವರೇ ಆದ ಪಾಯಕ್ ಮತ್ತು ಸಚನ್ ಎಂಬ ಜೋಳದ ವಿಜ್ಞಾನಿಗಳು, ಅದು ಜೋಳವಲ್ಲ, ಮುತ್ತು ಪೋಣಿಸಿದಂತೆ ಕಲ್ಪಿಸಿದ ಮುಕ್ತಾಫಲ ಅಂತ ಉತ್ತರ ಕೊಟ್ಟರು.

ಗೌಡರು ಮೇಷ್ಟ್ರ ಸೊಸೆಯ ಫೋನಿನಲ್ಲಿ ಆ ಶಿಲ್ಪದ ಫೋಟೊ ನೋಡಿದರು. ದೊಡ್ಡದು ಮಾಡಿ ನೋಡಿದರು. ಮನೆಗೆ ಹೋಗಿ ಒಂದು ಒಣ ತೆನೆ ತಂದು ಸಿಪ್ಪೆ ಸುಲಿದು ಬೇಲಿಯ ಕಲ್ಲುಕಂಬದ ಮೇಲಿಟ್ಟರು. "ಸಾಲು ಎಣಿಸಿ ನೋಡ್ರಿ." ಎಣಿಸಿದೆವು. ಹದಿನಾಲ್ಕು. "ಇನ್ನೊಂದು ತಂದ್ರೆ ಹನ್ನೆರಡಿರ್ತಾವೆ, ಇಲ್ಲ ಹದಿನಾರು. ಬೆಸ ಬರಾಕಿಲ್ಲ. ಜೋಡಿ ಜೋಡಿಯಾಗೇ ಹುಟ್ಟೋದು ಅವು." ಇದು ಪುಸ್ತಕದಲ್ಲಿಯೂ ಇರುವ ಮಾತೇ, ಅವರು ಓದಿದ್ದು ಮಾತ್ರ ಹೊಲದಲ್ಲಿ. ಮತ್ತೆ ಫೋಟೊ ಕಡೆ ಬೆರಳು ಮಾಡಿ, "ಇದು ಕೆಲವು ಕಡೆ ಥೇಟ್ ನಮ್ಮ ತೆನೆನೇ. ಆದ್ರೆ ಇಲ್ಲಿ ನೋಡ್ರಿ, ಕಾಳು ಇಟ್ಟಿಗೆ ಗೋಡೆ ಕಟ್ಟಿದಂಗೆ ಸಂದು ಬಿಟ್ಟು ಸಂದು ಕೂತೈತೆ. ತುದೀಲಿ ಕೂದ್ಲಿಲ್ಲ. ಕೂದ್ಲಿಲ್ದಿದ್ರೆ ಕಾಳೆಲ್ಲಿಂದ ಕಟ್ಟುತ್ತೆ?" ಅಂದರು. ಮೇಷ್ಟ್ರು ಗೆದ್ದವರಂತೆ ನಕ್ಕರು. ಸೊಸೆ ಬಿಡಲಿಲ್ಲ: "ಸುಲಿದ ತೆನೇಲಿ ಕೂದಲು ಇರ್ತದಾ ಮಾವಾ?" ಗೌಡರು ತಲೆ ಕೆರೆದುಕೊಂಡು, "ಅದೂ ದಿಟವೇ ಅನ್ನು" ಅಂದರು. ತೆನೆ ಇವತ್ತಿಗೂ ತೀರ್ಮಾನವಾಗಿಲ್ಲ. ಕೆದಕಿದ್ದು ಒಂದು ಕಾದಂಬರಿ. ಅದಕ್ಕಾದರೂ ಮೇಷ್ಟ್ರು ಗಣೇಶಯ್ಯನವರಿಗೆ ಒಂದು ಅಂಕ ಹೆಚ್ಚಿಗೆ ಕೊಡಬೇಕು.

ನಾನು ಸಿಟ್ಟಾಗುವುದು ಬೇರೆ ಕಡೆ. 'ಕರಿಸಿರಿಯಾನ'ದ ಹಿಂದಿರುವುದು 1565ರಲ್ಲಿ ವಿಜಯನಗರ ಬಿದ್ದ ಮೇಲೆ ಸಂಪತ್ತು ಎಲ್ಲಿ ಹೋಯಿತು ಅನ್ನುವ ಪ್ರಶ್ನೆ. 550 ಆನೆಗಳ ಮೇಲೆ ಹೇರಿಕೊಂಡು ತಿರುಮಲರಾಯ ಪೆನುಕೊಂಡದ ಕಡೆ ಹೋದ ಅಂತ ಇತಿಹಾಸಕಾರ ಸೀವೆಲ್ ಬರೆದಿದ್ದಾನೆ. ಅದನ್ನು ಕೇಳಿದ ನಮ್ಮ ಬೀದಿಯ ಹುಡುಗನೊಬ್ಬ ಕೇಳಿದ್ದು ಒಂದೇ ಮಾತು: "ಹಂಪೆಯಿಂದ ಪೆನುಕೊಂಡಕ್ಕೆ ಅಂದ್ರೆ ನಮ್ಮ ಕಡೆ ಹಾದು ಹೋಗಿರ್ತಾವಾ ಆನೆ?" ನಾವು ನಕ್ಕೆವು. ಆದರೆ ನಮ್ಮ ಸೀಮೆಯಲ್ಲಿ ನಿಧಿಯಾಸೆಗೆ ಬಗೆದ ಗುಂಡಿ ಇಲ್ಲದ ಪಾಳುಗುಡಿ ಹುಡುಕಿದರೆ ಗೊತ್ತಾಗುತ್ತದೆ, ಇದು ನಗುವ ಮಾತಲ್ಲ. ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಹೋಗಿ, ಲಿಂಗ ಕಿತ್ತು, ಬಸವಣ್ಣನನ್ನು ಉರುಳಿಸಿ, ಏನೂ ಸಿಗದೆ ಬರುತ್ತಾರೆ. ಅವರು ಗಣೇಶಯ್ಯನವರನ್ನು ಓದಿ ಹೋದವರಲ್ಲ, ಅಷ್ಟು ಓದುವವರಾಗಿದ್ದರೆ ಹೋಗುತ್ತಲೇ ಇರಲಿಲ್ಲ. ಆದರೂ ಪ್ರತಿ ರಹಸ್ಯದ ತಳದಲ್ಲೂ ಚಿನ್ನವೇ ಇರಬೇಕು ಅನ್ನುವ ಚಟ ಕಾದಂಬರಿಕಾರರಿಗೂ ಒಳ್ಳೆಯದಲ್ಲ, ಓದುವವರಿಗೂ ಅಲ್ಲ.

ಚಿನ್ನವಿಲ್ಲದ ಪತ್ತೇದಾರಿ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ. ಎಚ್. ಕೃಷ್ಣ 1929ರಲ್ಲಿ ಅಗೆದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿಯೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿಯೂ ಅಗೆದ. ಮುಖ್ಯ ಸಾಕ್ಷಿ ಏನು ಗೊತ್ತೇ? ಬೋಕಿ. ಒಳತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಗೀರು ಹಾಕಿದ ತಟ್ಟೆಯ ಚೂರುಗಳು. ಅಂಥವೇ ಚೂರುಗಳು ಪುದುಚೇರಿಯ ಹತ್ತಿರದ ಅರಿಕಮೇಡಿನಲ್ಲಿ, ಇಟಲಿಯಿಂದ ಬಂದ ಪಾತ್ರೆಗಳ ಜೊತೆ ಸಿಕ್ಕಿದ್ದವು. ಇಟಲಿಯ ಪಾತ್ರೆಯ ಕಾಲ ಗೊತ್ತಿತ್ತು. ಅದರಿಂದ ಅರಿಕಮೇಡಿನ ಕಾಲ, ಅದರಿಂದ ನಮ್ಮ ಚಂದ್ರವಳ್ಳಿಯ ಕಾಲ, ಕೊನೆಗೆ ಬ್ರಹ್ಮಗಿರಿಯ ಬೃಹತ್ ಶಿಲಾಗೋರಿಗಳ ಕಾಲ. ಒಂದು ಚೂರು ಹಿಡಿದು ದಕ್ಷಿಣ ಭಾರತದ ಇತಿಹಾಸಕ್ಕೇ ತಾರೀಖು ಹಾಕಿದ ಕೆಲಸ ಇದು. ಆಮೇಲಿನವರು ಆ ತಾರೀಖನ್ನು ಹಿಂದಕ್ಕೆ ಸರಿಸಿದರು, ಅದೂ ಪತ್ತೇದಾರಿಕೆಯೇ. ಚಂದ್ರವಳ್ಳಿಯಲ್ಲಿ ರೋಮಿನ ನಾಣ್ಯವೂ ಸಿಕ್ಕಿದೆ. ಮೇಷ್ಟ್ರು ಈ ಕಥೆ ಹೇಳುವಾಗ ಮಾತ್ರ ಸೊಸೆ ಬಟ್ಟೆ ಮಡಚುವುದನ್ನು ನಿಲ್ಲಿಸಿದ್ದಳು.

ಅದಕ್ಕಿಂತ ದೊಡ್ಡ ಗುಟ್ಟು ಬ್ರಹ್ಮಗಿರಿಯ ಬಂಡೆಯ ಮೇಲಿದೆ. 1892ರಲ್ಲಿ ಬಿ. ಎಲ್. ರೈಸ್ ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನ ಪತ್ತೆ ಮಾಡಿದ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಅಪ್ಪಣೆ ಅದು, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿಕೊಂಡಿದ್ದಾನೆ: ಚಪಡ. ಹೆಸರಾದ ಮೇಲೆ ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಬರೆಯುವ ಲಿಪಿ. ಬಳಕೆಯಲ್ಲಿದ್ದದ್ದು ಈಗಿನ ಪೇಶಾವರದ ಕಡೆ. ಮೊಳಕಾಲ್ಮೂರಿನಲ್ಲಿ ಅದನ್ನು ಓದುವವರು ಯಾರಿದ್ದರು? ಯಾರಿಗೆ ಅಂತ ಬರೆದ? ಊರಿನ ನೆನಪಾಯಿತೋ, ಜಂಬ ಕೊಚ್ಚಿಕೊಂಡನೋ? ಸುಮಾರು 2,250 ವರ್ಷದ ಕೆಳಗೆ ಗಡಿನಾಡಿನಿಂದ ನಮ್ಮ ಬಿಸಿಲಿಗೆ ವರ್ಗವಾಗಿ ಬಂದ ಗುಮಾಸ್ತ!

"ಇದನ್ನ ಬರೀಲಿ ನೋಡೋಣ ನಿಮ್ಮ ಗಣೇಶಯ್ಯ" ಅಂದರು ಮೇಷ್ಟ್ರು. ಬೇಲಿಯ ಎರಡೂ ಕಡೆ ಒಮ್ಮತವಾದದ್ದು ಇದೊಂದಕ್ಕೇ. ಆದ್ದರಿಂದ ಗಣೇಶಯ್ಯನವರಿಗೇ ಆಗಲಿ, ಬರೆಯುವ ಉಮೇದಿರುವ ಬೇರೆ ಯಾರಿಗೇ ಆಗಲಿ, ಹಿರಿಯೂರಿನ ನಾಲ್ಕು ಜನ ಓದುಗರ ಅರ್ಜಿ: ಚಪಡನ ಮೇಲೊಂದು ಕಾದಂಬರಿ ಬರೆಯಿರಿ. ಅಡಿಟಿಪ್ಪಣಿ ಎಷ್ಟಾದರೂ ಹಾಕಿ, ಮೇಷ್ಟ್ರನ್ನು ನಾವು ನೋಡಿಕೊಳ್ಳುತ್ತೇವೆ. ನಿಧಿ ಮಾತ್ರ ಬೇಡ.