ಬೆಕ್ಕಿಗೆ ನಾಮಿನಿ ಯಾರು?

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆ ಐದೂವರೆಗೆ ಕೂಡುವ ಕಲ್ಲುಬೆಂಚಿನ ಸಭೆಗೆ ಒಂದು ಪಲ್ಲವಿಯಿದೆ: ‘ಇನ್ನು ಈ ವಯಸ್ಸಿಗೆ ಯಾತಕ್ಕೆ ಸಾರ್?’ ಹೊಸ ಚಪ್ಪಲಿಗೂ ಅದೇ ಮಾತು, ಹಲ್ಲಿನ ಸೆಟ್ಟಿಗೂ ಅದೇ, ಮನೆಯ ಸುಣ್ಣಬಣ್ಣಕ್ಕೂ ಅದೇ. ಹೇಳಿದವರೇ ಮಾರನೆಯ ದಿನ ಹೊಸ ಚಪ್ಪಲಿ ಕಿರುಗುಟ್ಟಿಸುತ್ತಾ ಬರುತ್ತಾರೆ. ಯಾರೂ ಏನೂ ಕೇಳುವುದಿಲ್ಲ. ಅದು ಸಭೆಯ ಮರ್ಯಾದೆ. ಈ ಪಲ್ಲವಿಯನ್ನು ಎಲ್ಲರಿಗಿಂತ ಚೆನ್ನಾಗಿ ಹಾಡುವವರು ಪಾಲಿಸಿ ಐಯಂಗಾರ್ರು.

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕುವೆಂಪುನಗರದಲ್ಲಿ ಬ್ಯಾಂಕಿನಿಂದ ನಿವೃತ್ತರಾಗಿರುತ್ತಾರೆ, ಸರಸ್ವತೀಪುರದಲ್ಲಿ ಖಜಾನೆಯಿಂದ. ನಮ್ಮವರು ಜೀವ ವಿಮಾ ನಿಗಮದಿಂದ. ತುಂಬುತೋಳಿನ ಸ್ವೆಟರು, ಜೇಬಿನಲ್ಲಿ ಎರಡು ಪೆನ್ನು, ಹಳೆಯ ಡೈರಿಗಳ ಖಾಲಿ ಹಾಳೆ ಕಿತ್ತು ಹೊಲಿದು ಮಾಡಿದ ಲೆಕ್ಕದ ಪುಸ್ತಕ. ‘1956ರಲ್ಲಿ ಕಂಪನಿ, ಸೊಸೈಟಿ ಎಲ್ಲ ಸೇರಿ 245 ಒಂದುಮಾಡಿ ನಿಗಮ ಮಾಡಿದಾಗ ನನಗೆ ನಾಲ್ಕು ವರ್ಷ’ ಎಂದು ತೊಟ್ಟಿಲು ತೂಗಿದ ಅಣ್ಣನ ಹಾಗೆ ಹೇಳುತ್ತಾರೆ. ಯಾರಾದರೂ ತೀರಿಕೊಂಡರೆ ‘ಕ್ಲೇಮ್ ಆಯ್ತಂತೆ’. ಊರು ಬಿಟ್ಟು ಹೋಗಿ ಫೋನು ಮಾಡದ ಮಗ ‘ಲ್ಯಾಪ್ಸು’. ಬೆಂಚಿನಲ್ಲಿ ಇವರ ಕೈಯಲ್ಲಿ ಪಾಲಿಸಿ ಮಾಡಿಸದವರೇ ಇಲ್ಲ. ನಾನೂ ಮಾಡಿಸಿದ್ದೆ, ಮೂರು ಕಂತು ಕಟ್ಟಿ ಕೈಬಿಟ್ಟೆ. ನಲವತ್ತು ವರ್ಷದ ಹಿಂದಿನ ಮಾತು, ಅವರಿಗೆ ನಿನ್ನೆಯದು.

ಈ ವಯಸ್ಸಿಗೆ ಯಾತಕ್ಕೆ ಎನ್ನುವ ಮನುಷ್ಯ ಮೊನ್ನೆ ಪಾಸ್‌ಪೋರ್ಟನ್ನು ಹತ್ತು ವರ್ಷಕ್ಕೆ ರಿನ್ಯೂ ಮಾಡಿಸಿದರು. ಹಿತ್ತಲಲ್ಲಿ ಹಲಸಿನ ಬೀಜ ಊರಿದರು. ಒಂದು ಸಂಗೀತ ಸಭೆಗೆ ವಾರ್ಷಿಕ ಚಂದಾ ದಂಡ ಎಂದು ಲೆಕ್ಕ ಹಾಕಿ ಆಜೀವ ಸದಸ್ಯರಾದರು. ಇಲ್ಲೆಲ್ಲ ವಯಸ್ಸು ಅಡ್ಡ ಬರಲಿಲ್ಲ. ಅಡ್ಡ ಬಂದದ್ದು ಬೆಕ್ಕು.

ಅವರ ಮನೆಯಲ್ಲಿ ಮೊದಲೊಂದು ಬೆಕ್ಕಿತ್ತು. 2007ರಲ್ಲಿ ನಿಗಮದ ಬೋನಸ್ ಘೋಷಣೆಯಾದ ದಿನವೇ ಮಳೆಯಲ್ಲಿ ನೆನೆದು ಬಂದದ್ದರಿಂದ ಅದರ ಹೆಸರು ಬೋನಸ್. ಹದಿನಾರು ವರ್ಷ ಬಾಳಿತು. ‘ಬರೀ ಮೊಸರನ್ನ ಸಾರ್, ಸಾತ್ವಿಕ ಆಹಾರ’ ಎಂದು ಐಯಂಗಾರ್ರು ಎದೆಯುಬ್ಬಿಸುತ್ತಿದ್ದರು. ಮಾಂಸವಿಲ್ಲದೆ ಬೆಕ್ಕಿನ ಜೀವ ನಡೆಯುವುದಿಲ್ಲ ಎಂದು ಯಾವ ಪಶುವೈದ್ಯರನ್ನು ಕೇಳಿದರೂ ಹೇಳುತ್ತಾರೆ. ಬೋನಸ್ ಯಾರನ್ನೂ ಕೇಳಲು ಹೋಗಲಿಲ್ಲ. ಬೆಳಿಗ್ಗೆ ಇಲ್ಲಿ ಮೊಸರನ್ನ ಮುಗಿಸಿ, ಮಧ್ಯಾಹ್ನ ಹಿಂದಿನ ಬೀದಿಯಲ್ಲಿ ಮಂಗಳೂರಿನವರ ಮನೆಯ ಬಂಗುಡೆಗೆ ಹಾಜರಾಗುತ್ತಿತ್ತು. ಇಡೀ ಬಡಾವಣೆಗೆ ಗೊತ್ತಿದ್ದ ಈ ಗುಟ್ಟನ್ನು ಹದಿನಾರು ವರ್ಷ ಯಾರೂ ಅವರ ಕಿವಿಗೆ ಹಾಕಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇದ್ದರೆಂದು ನನ್ನ ಗುಮಾನಿ. ಕಣ್ಣು ಮುಚ್ಚಿ ಹಾಲು ಕುಡಿಯುವುದು ಬೆಕ್ಕು ಒಂದೇ ಅಲ್ಲವಲ್ಲ.

2023ರಲ್ಲಿ ಬೋನಸ್ ಹೋಯಿತು. ‘ಮೆಚ್ಯೂರ್ ಆಯ್ತು’ ಎಂದಷ್ಟೇ ಹೇಳಿ ಐಯಂಗಾರ್ರು ಹತ್ತು ದಿನ ಪಾರ್ಕಿಗೆ ಬರಲಿಲ್ಲ. ಮಂಡಿನೋವು ಎಂದರು.

ಮಾರನೆಯ ವರ್ಷ ಕಾರ್ತಿಕದಲ್ಲಿ ಅವರ ತಂದೆಯ ತಿಥಿ. ಸಂಜೆ ಪೇಪರು ವಾಪಸು ಕೊಡಲು ಹೋದವನು ನಡುಮನೆಯ ಮೂಲೆಯಲ್ಲಿ ಒಂದು ಮಂಕರಿ ಬೋರಲಾಗಿರುವುದನ್ನು ಕಂಡೆ. ಅದರ ಮೇಲೆ ಒರಳಿನ ಗುಂಡು. ತಿಥಿಯ ದಿನ ಬೆಕ್ಕು ಹಾಲು ತುಪ್ಪಕ್ಕೆ ಬಾಯಿ ಹಾಕದಿರಲಿ ಎಂದು ಮುಚ್ಚಿಡುವ ಮಂಕರಿ ಅದು. ಒಳಗೆ ಇಣುಕಿದೆ. ಖಾಲಿ. ನಾನು ನೋಡಿದ್ದನ್ನು ಅವರು ನೋಡಿದರು. ‘ಅಭ್ಯಾಸಬಲ’ ಎಂದು ಗುಂಡನ್ನು ಎತ್ತಿಕೊಂಡು ಒಳಗೆ ಹೋದರು.

ತಿಥಿಗೆ ಬೆಕ್ಕು ಕಟ್ಟಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಪ್ಪ ಕಾಟ ತಾಳಲಾರದೆ ಬೆಕ್ಕನ್ನು ಮುಚ್ಚಿಟ್ಟ; ಮಗ ಅದೇ ಶಾಸ್ತ್ರವೆಂದುಕೊಂಡು ಅಪ್ಪನ ತಿಥಿಗೆ ಊರೆಲ್ಲ ಅಲೆದು ಬೆಕ್ಕು ಹಿಡಿದು ತಂದ. ಏಜೆಂಟರ ತರಬೇತಿಯಲ್ಲಿ ‘ಅರ್ಥ ತಿಳಿಯದೆ ಫಾರಂ ತುಂಬಬೇಡಿ’ ಎನ್ನುವುದಕ್ಕೆ ಐಯಂಗಾರ್ರು ಇದೇ ಕಥೆ ಹೇಳುತ್ತಿದ್ದರಂತೆ.

ಇಷ್ಟಾದ ಮೇಲೆ ಹೋದ ಮಳೆಗಾಲದಲ್ಲಿ ಮೂರನೇ ಕ್ರಾಸಿನ ಮೇಷ್ಟ್ರ ಮನೆಯ ಅಟ್ಟದಲ್ಲಿ, ಹಳೇ ಉತ್ತರಪತ್ರಿಕೆಗಳ ಕಟ್ಟಿನ ಮೇಲೆ, ಬೆಕ್ಕೊಂದು ನಾಲ್ಕು ಮರಿ ಹಾಕಿತು. ಮೇಷ್ಟ್ರ ಒಂಬತ್ತು ವರ್ಷದ ಮೊಮ್ಮಗಳು ಮರಿಗಳನ್ನು ದಾಟಿಸಲು ಮನೆಮನೆ ಹತ್ತಿದಳು. ಅವಳ ಉತ್ಸಾಹ ಕಂಡು ‘ಇವಳು ನಮ್ಮ ನಿಗಮದಲ್ಲಿ ಡೆವಲಪ್‌ಮೆಂಟ್ ಆಫೀಸರ್ ಆಗಬೇಕಿತ್ತು’ ಎಂದು ಐಯಂಗಾರ್ರು ಮೆಚ್ಚಿದ್ದೇ ತಪ್ಪಾಯಿತು. ‘ಹಾಗಾದ್ರೆ ಮೂರು ಬಣ್ಣದ್ದು ನಿಮಗೆ ತಾತ. ಇನ್ನು ಮೂರು ವಾರ ಅಮ್ಮನ ಹತ್ರ ಇರಬೇಕು, ಆಮೇಲೆ ತರ್ತೀನಿ’ ಎಂದು ಸೈಕಲ್ ಹತ್ತಿ ಹೋದಳು.

ಆ ಮೂರು ವಾರ ನಮ್ಮ ಬೆಂಚು ನರಳಿದ್ದನ್ನು ಹೇಳಿ ಪ್ರಯೋಜನವಿಲ್ಲ.

ಮೊದಲ ದಿನವೇ ಲೆಕ್ಕದ ಪುಸ್ತಕ ಹೊರಬಂತು. ‘ನನಗೀಗ ಎಪ್ಪತ್ತಮೂರು. ಮನೆಯೊಳಗೆ ಸಾಕಿದ ಬೆಕ್ಕಿಗೆ ಹದಿನೈದು ವರ್ಷ ಇಟ್ಕೊಳ್ಳಿ. ಎಂಬತ್ತೆಂಟು. ನಮ್ಮ ತಂದೆ ಎಂಬತ್ತೊಂದಕ್ಕೆ ಹೋದರು. ಏಳು ವರ್ಷ ಶಾರ್ಟು.’ ಮೂರು ಬಣ್ಣದ ಬೆಕ್ಕು ಸಾಮಾನ್ಯವಾಗಿ ಹೆಣ್ಣೇ ಆಗಿರುತ್ತದೆ ಎಂದು ಯಾರೋ ಹೇಳಿದರು. ‘ಹಾಗಾದ್ರೆ ಇನ್ನೊಂದೆರಡು ವರ್ಷ ಹಾಕಿ. ಹೆಣ್ಣು ಜೀವಕ್ಕೆ ಆಯುಸ್ಸು ಜಾಸ್ತಿ ಅಂತ ನಮ್ಮ ಟೇಬಲ್ಲೇ ಹೇಳತ್ತೆ.’ ಅಷ್ಟರಲ್ಲಿ ಸಭೆಯ ಕಿರಿಯ ಸದಸ್ಯರು, ಅಂದರೆ ಅರವತ್ತೆರಡರವರು, ಮೊಬೈಲು ತೀಡಿ, ಅಮೆರಿಕದ ಟೆಕ್ಸಾಸಿನಲ್ಲಿ ಕ್ರೀಮ್ ಪಫ್ ಎಂಬ ಬೆಕ್ಕು 1967ರಲ್ಲಿ ಹುಟ್ಟಿ 2005ರವರೆಗೆ, 38 ವರ್ಷ, ಬದುಕಿತ್ತು ಎಂದು ಓದಿದರು. ಐಯಂಗಾರ್ರ ಪೆನ್ನು ನಿಂತಿತು. ಎಪ್ಪತ್ತಮೂರಕ್ಕೆ ಮೂವತ್ತೆಂಟು ಕೂಡಿಸಿದರು. ‘ನೂರಾ ಹನ್ನೊಂದು’ ಎಂದರು. ಮೂರು ನಾಮ ಎದ್ದು ನಿಂತ ಹಾಗಿತ್ತು ಆ ಸಂಖ್ಯೆ.

ಎರಡನೆಯ ವಾರ ಪರ್ಯಾಯಗಳ ವಾರ. ಮರಿ ಬೇಡ, ಹತ್ತು ವರ್ಷ ಆದ ಬೆಕ್ಕನ್ನೇ ತಂದರೆ? ‘ಇಬ್ಬರದೂ ಒಟ್ಟಿಗೆ ಮೆಚ್ಯೂರಿಟಿ’ ಎಂದು ಮುಖ ಅರಳಿತು. ಆದರೆ ಹತ್ತು ವರ್ಷದ ಬೆಕ್ಕನ್ನು ಕೊಡುವವರು ಯಾರು? ಗೋಣಿಚೀಲದಲ್ಲಿ ಹಾಕಿ ಊರಾಚೆ ಬಿಟ್ಟುಬಂದರೂ ಮೂರನೆಯ ದಿನ ಹಿತ್ತಲಿಗೆ ಹಾಜರಾಗುವ ವಯಸ್ಸು ಅದು. ಮೃಗಾಲಯದಲ್ಲಿ ಪ್ರಾಣಿ ದತ್ತು ಪಡೆಯಿರಿ ಎಂದೆ ನಾನು. 1892ರ ಸಂಸ್ಥೆ, ಮಹಾರಾಜರ ಕಾಲದ್ದು. ದುಡ್ಡು ಕಟ್ಟಿದರೆ ಒಂದು ವರ್ಷ ಆ ಪ್ರಾಣಿಯ ಊಟ ನಿಮ್ಮ ಹೆಸರಲ್ಲಿ, ಬೇಕಾದರೆ ಮುಂದುವರಿಸಬಹುದು. ವರ್ಷ ವರ್ಷ ರಿನ್ಯೂವಲ್ ಎಂದ ಕೂಡಲೇ ಅವರ ಕಣ್ಣು ಮಿನುಗಿತು. ಒಂದು ನಿಮಿಷ ಸುಮ್ಮನಿದ್ದು, ‘ಚೆನ್ನಾಗಿದೆ. ಆದ್ರೆ ರಾತ್ರಿ ಒಂಬತ್ತರ ವಾರ್ತೆ ಹೊತ್ತಿಗೆ ಅದು ಬಂದು ತೊಡೆ ಮೇಲೆ ಕೂರಲ್ಲವಲ್ಲ ಸಾರ್’ ಎಂದರು.

ಪಶುವೈದ್ಯರನ್ನೂ ಕಂಡುಬಂದರು. ಮರಿ ಇನ್ನೂ ಅಟ್ಟದ ಮೇಲಿರುವಾಗಲೇ ಲಸಿಕೆಯ ಪಟ್ಟಿ, ಆಪರೇಷನ್ನಿನ ಖರ್ಚು, ಎಲ್ಲ ಬರೆದುಕೊಂಡರು. ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು: ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆಯೇ ಸಾಕು. ಐಯಂಗಾರ್ರ ಮನೆಯಲ್ಲಿ ಮಾತ್ರೆ ಇಲ್ಲದ ಜಾಗ ದೇವರ ಮಂಟಪ ಒಂದೇ. ‘ನನ್ನನ್ನ ಉಳಿಸೋದು ಅದನ್ನ ಕೊಲ್ಲತ್ತಂತೆ’ ಎಂದು ಖಿನ್ನರಾಗಿ ನಿಗಮದ ಕ್ಯಾಲೆಂಡರಿನ ಹಿಂದೆ, ಟಿ.ವಿ. ಮೇಲೆ, ಕನ್ನಡಕದ ಡಬ್ಬಿಯಲ್ಲಿ ಚದುರಿದ್ದ ಮಾತ್ರೆಗಳನ್ನೆಲ್ಲ ಆರಿಸಿ ಮುಚ್ಚಳವಿರುವ ಡಬ್ಬಿಗೆ ತುಂಬಿದರು. ಬೆಕ್ಕು ತರಬೇಕೋ ಬೇಡವೋ ಇನ್ನೂ ತೀರ್ಮಾನವಾಗಿಲ್ಲ ಎಂಬುದು ನೆನಪಿರಲಿ.

ಅವರ ಮನೆಯವರು ಈ ಎಲ್ಲವನ್ನೂ ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ‘ನಿಧಾನವಾಗಿ ಯೋಚನೆ ಮಾಡಿ. ಅಷ್ಟರಲ್ಲಿ ಆ ಮರಿ ಅಜ್ಜಿ ಆಗಿರತ್ತೆ.’

ಆಕೆಯದು ವಡಗಲೆ ಮನೆತನ, ಇವರದು ತೆಂಗಲೆ. ಶ್ರೀವೈಷ್ಣವರಲ್ಲಿ ಈ ಎರಡು ಪಂಗಡದ ವ್ಯಾಜ್ಯದ ನಡುವೆ ಒಂದು ಬೆಕ್ಕೂ ಒಂದು ಕೋತಿಯೂ ಇವೆ. ಜೀವ ಬೆಕ್ಕಿನ ಮರಿಯ ಹಾಗೆ, ತಾನೇನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ ಎಂಬ ಮಾರ್ಜಾಲ ನ್ಯಾಯ ತೆಂಗಲೆಯವರದು. ಕೋತಿಯ ಮರಿಯ ಹಾಗೆ ತಾನೂ ತಾಯಿಯ ಹೊಟ್ಟೆಯನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕು ಎಂಬ ಮರ್ಕಟ ನ್ಯಾಯ ವಡಗಲೆಯವರದು. ಐವತ್ತು ವರ್ಷದ ದಾಂಪತ್ಯದಲ್ಲಿ ಈ ವ್ಯಾಜ್ಯ ತಿರುನಾಮದ ಆಕಾರದಿಂದ ಸಾರಿನ ಹುಳಿಯವರೆಗೆ ಎಲ್ಲ ಕೋರ್ಟುಗಳನ್ನೂ ಹತ್ತಿಳಿದಿದೆ. ವಿಮೆಯವರ ಲಾಂಛನದಲ್ಲಿರುವ ಗೀತಾವಾಕ್ಯವೂ ಭಕ್ತನ ಹೊರೆಯನ್ನು ತಾನೇ ಹೊರುತ್ತೇನೆ ಎಂದು ದೇವರು ಹೇಳುವ ಮಾತೇ. ಅಂದರೆ ಬೆಕ್ಕಿನ ಪಕ್ಷದ್ದೇ ಎಂದು ಐಯಂಗಾರ್ರ ವಾದ.

ಆವತ್ತು ಆಕೆ ಸೊಪ್ಪು ಕೆಳಗಿಟ್ಟರು. ‘ಅಲ್ಲಾಂದ್ರೆ, ತಾಯಿಬೆಕ್ಕು ಕಚ್ಚಿಕೊಂಡು ಹೋಗುವಾಗ ಮರಿ ಕೇಳತ್ತಾ, ಎಲ್ಲಿಗೆ, ಎಷ್ಟು ವರ್ಷಕ್ಕೆ, ನಾಮಿನಿ ಯಾರು ಅಂತ? ಹೆಸರಿಗೆ ನೀವು ಬೆಕ್ಕಿನ ಕಡೆಯವರು. ಕೋತಿಬುದ್ಧಿ ಪೂರ್ತಿ ನಿಮ್ಮದೇ.’

ಇಡೀ ಗುರುಪರಂಪರೆಯ ಮರ್ಯಾದೆ ಒಂದೇ ಏಟಿಗೆ ಹೋದದ್ದನ್ನು ಐಯಂಗಾರ್ರೇ ಬಂದು ನಮಗೆ ಹೇಳಿದರು. ಹೇಳಿ, ‘ಆದ್ರೆ ಪಾಯಿಂಟು ಇದೆ. ನಾಮಿನಿ!’ ಎಂದು ಪುಸ್ತಕ ತೆರೆದರು.

ನಾಮಿನಿಯಾಗಿ ಮೇಷ್ಟ್ರ ಮೊಮ್ಮಗಳನ್ನು ಆರಿಸಿದ್ದಾಯಿತು. ಪಾರ್ಕಿನಲ್ಲಿ ಅವಳ ಸೈಕಲ್ ತಡೆದು ವಿವರಿಸಿದರು: ‘ನಾನು ಹೋದ ಮೇಲೆ ಬೆಕ್ಕು ನಿಂದು, ಗೊತ್ತಾಯ್ತಾ?’

‘ಈಗಲೂ ನಂದೇ ಅಲ್ವಾ ತಾತ? ನಿಮಗೆ ನೋಡ್ಕೊಳ್ಳಕ್ಕೆ ಕೊಡ್ತಿರೋದು.’

ಮೂವತ್ತು ವರ್ಷದ ಸರ್ವೀಸಿನಲ್ಲಿ ಇಂಥ ಪಾರ್ಟಿ ತಮಗೆ ಸಿಕ್ಕಿರಲಿಲ್ಲ ಎಂದರು. ಆದರೆ ನಾಮಿನಿ ಮೈನರ್ ಆದರೆ ಅಪಾಯಿಂಟಿ ಎಂದು ಒಬ್ಬ ವಯಸ್ಕ ಬೇಕು. ಕಣ್ಣು ನನ್ನ ಕಡೆ ತಿರುಗಿತು. ನಾನು ಧಾರಾಳವಾಗಿ ಒಪ್ಪಿದೆ.

‘ನಿಮಗೆಷ್ಟು?’

‘ಅರವತ್ತೊಂಬತ್ತು.’

‘ಶುಗರ್?’

‘ಇದೆ, ಕಂಟ್ರೋಲಿನಲ್ಲಿದೆ.’

‘ತಂದೆ?’

‘ಎಪ್ಪತ್ತನಾಲ್ಕಕ್ಕೆ. ಹಾರ್ಟು.’

ಪೆನ್ನಿಗೆ ಟೋಪಿ ಹಾಕಿದರು. ‘ತಪ್ಪು ತಿಳ್ಕೋಬೇಡಿ. ಪ್ರಪೋಸಲ್ ಪಾಸಾಗಲ್ಲ.’ ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: ‘ಹೋಗಲಿ ಅಂದ್ರೆ ಮೂರು ಕಂತಿಗೆ ಕೈಬಿಟ್ಟ ದಾಖಲೆ ಬೇರೆ ಇದೆ.’ ಒಂದು ಬೆಕ್ಕಿನ ಮರಿಗೆ ಜಾಮೀನು ನಿಲ್ಲಲು ಅನರ್ಹನಾಗಿ ನಾನು ಮನೆಗೆ ಬಂದೆ. ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಎಪ್ಪತ್ತನಾಲ್ಕರಲ್ಲಿ ಅರವತ್ತೊಂಬತ್ತು ಕಳೆಯುತ್ತಾ ಮಲಗಿದ್ದೆ.

ಮೂರು ವಾರ ಮುಗಿದ ಸೋಮವಾರ ಐಯಂಗಾರ್ರು ಪಾರ್ಕಿಗೆ ಬಂದದ್ದು ಲೆಕ್ಕದ ಪುಸ್ತಕವಿಲ್ಲದೆ. ‘ಬೆಕ್ಕು ತರ್ತಿದೀವಿ’ ಎಂದರು. ನೂರಾ ಹನ್ನೊಂದರ ಕಥೆ ಏನಾಯಿತು ಎಂದು ಕೇಳಿದೆವು. ‘ಅದು ಬೇರೆ. ಇದು ಬೇರೆ. ಇನ್ನು ಎರಡು ವಾರಕ್ಕೆ ತಂದೆಯವರ ತಿಥಿ. ಹೋದ ವರ್ಷ ಮಂಕರಿ ಖಾಲಿ ಇಟ್ಟೆ, ಮನಸ್ಸಿಗೆ ಒಂಥರಾ ಕಸಿವಿಸಿ. ತಿಥಿಗೆ ಬೆಕ್ಕು ಇರಬೇಕು ಸಾರ್. ನಡೆದು ಬಂದ ಪದ್ಧತಿ.’

ಬೆಂಚಿನ ಮೇಲಿದ್ದ ಐದೂ ಜನ ನೆಲ ನೋಡಿದೆವು. ಆ ಕಥೆಯನ್ನು ನಮಗೆಲ್ಲ ಹೇಳಿ ನಗಿಸಿದ್ದವರು ಅವರೇ.

ಮರಿಗೆ ಗ್ರೇಸ್ ಎಂದು ಹೆಸರಿಟ್ಟರು. ಗಡುವು ಮೀರಿದ ಮೇಲೂ ಕಂತು ಕಟ್ಟಲು ಸಿಗುವ ಮೂವತ್ತು ದಿನದ ಗ್ರೇಸ್ ಪೀರಿಯಡ್ಡಿನ ಗೌರವಾರ್ಥ. ‘ಕಾನ್ವೆಂಟ್ ಟೀಚರ್ ಹೆಸರು’ ಎಂದು ಅವರ ಮನೆಯವರು ಮೂಗು ಮುರಿದು ಚಿನ್ನು ಎಂದು ಕರೆಯುತ್ತಾರೆ. ಅದು ಎರಡಕ್ಕೂ ತಿರುಗಿ ನೋಡುವುದಿಲ್ಲ. ಎರಡನೆಯ ದಿನವೇ ಮೊಸರನ್ನವನ್ನು ಮೂಸಿ ನೋಡಿ, ಕಾಂಪೌಂಡು ಹತ್ತಿ, ಹಿಂದಿನ ಬೀದಿಯ ಕಡೆ ಮೂಗು ಮಾಡಿ ಕೂತಿತ್ತು.

ತಿಥಿಯ ದಿನದ ವೃತ್ತಾಂತ ನನ್ನ ಹೆಂಡತಿಗೆ ಕಾಂಪೌಂಡಿನ ಮೇಲಿಂದ ಬಂತು, ನನಗೆ ಅವಳಿಂದ. ಹಳೆಯ ಮಂಕರಿಯಲ್ಲಿ ಒಂದು ಕಡೆ ಹೆಣಿಗೆ ಬಿಟ್ಟಿತ್ತು, ಬೋನಸ್ಸಿನ ಉಗುರಿನ ಕೆಲಸ. ಆ ಕಿಂಡಿಯಲ್ಲಿ ಈ ಮರಿ ಮೂರು ಸಲ ಹೊರಬಂತು. ಕೊನೆಗೆ ಹೂವಿನ ಬುಟ್ಟಿ ಕವುಚಿದರು. ಇಷ್ಟು ಸಣ್ಣದಕ್ಕೆ ಒರಳಿನ ಗುಂಡು ಯಾಕೆಂದು ಬಿಟ್ಟರು. ಸ್ವಾಮಿಗಳು ಎಲೆಗೆ ಕೂತು, ಎರಡನೆಯ ಸಲ ತಿರುಕ್ಕಣ್ಣಮುದು ಬಡಿಸುವ ಹೊತ್ತಿಗೆ ಮೂಲೆಯಲ್ಲಿದ್ದ ಬುಟ್ಟಿ ಹೊರಟಿತು. ನಿಂತು ನಿಂತು, ದಿಕ್ಕು ನೋಡಿಕೊಂಡು, ನಡುಮನೆ ದಾಟಿ ಬಂದು ಐಯಂಗಾರ್ರ ಪಂಚೆಯ ಅಂಚಿಗೆ ತಾಗಿ ನಿಂತಿತು.

‘ಮಡಿ, ಮಡಿ’ ಎಂದರಂತೆ ಒಬ್ಬ ಸ್ವಾಮಿಗಳು.

‘ತಾಗಿರೋದು ಬುಟ್ಟಿ, ಬೆಕ್ಕಲ್ಲ’ ಎಂದು ಐಯಂಗಾರ್ರು ಪಾಲಿಸಿಯ ಹಿಂಬದಿಯ ಸಣ್ಣಕ್ಷರ ಓದುವ ದನಿಯಲ್ಲಿ ಹೇಳಿ, ಕಾಲು ಕದಲಿಸದೆ ಬಡಿಸಲು ಬಗ್ಗಿದರಂತೆ.