ಎರೆಮಣ್ಣಿಗೆ ಇಳಿದ ಬೈಕು

ಡಾಂಬರು, ಮಣ್ಣು ಎರಡಕ್ಕೂ ಒಗ್ಗುವ ಬೈಕುಗಳಲ್ಲಿ 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200 ಹೊಸಬರ ಕೈಗೆಟುಕುವಂಥದು. ಮುಂದಿನ ಗಾಲಿ 21 ಇಂಚು, ಹಿಂದಿನದು 18. ಸೀಟೂ ಎತ್ತರ, ಗಿಡ್ಡ ಸವಾರರಿಗೆ ಸಿಗ್ನಲ್ಲಿನಲ್ಲಿ ತುದಿಗಾಲ ನರ್ತನ ಉಚಿತ.

ಹಾವೇರಿಯ ಬಳಿ ಹೆದ್ದಾರಿ 48 ಬಿಟ್ಟು ಹೊಲದ ದಾರಿ ಹಿಡಿದರೆ ಪಾಠ ಶುರು. ಮಸಾರಿ ನೆಲ ಹೇಗೋ ಸಹಿಸಿಕೊಳ್ಳುತ್ತದೆ. ಎರೆಮಣ್ಣು ಹಾಗಲ್ಲ: ಬೇಸಿಗೆಯಲ್ಲಿ ಬಿರುಕು ಬಿಟ್ಟ ಕಲ್ಲು, ಒಂದು ಮಳೆ ಬಿದ್ದರೆ ಅಂಟು. ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿಯನ್ನೇ ನಿಲ್ಲಿಸುತ್ತದೆ. ಆಗ ಅಶ್ವಶಕ್ತಿಗಿಂತ ಕೈಯಲ್ಲಿನ ಕಟ್ಟಿಗೆ ತುಂಡೇ ದೊಡ್ಡದು. ಎತ್ತಿನ ಗಾಡಿಯವರ ನಗೆ ಬೇರೆ.

ರಾಣೆಬೆನ್ನೂರಿನ ಅಭಯಾರಣ್ಯ ಕೃಷ್ಣಮೃಗಗಳದು, ಸವಾರರದಲ್ಲ. ಬ್ಯಾಡಗಿಯತ್ತ ಹೋಗುವವರು ಮೆಣಸಿನಕಾಯಿ ಒಣಹಾಕಿದ ಕಣದ ಪಕ್ಕ ಧೂಳೆಬ್ಬಿಸದೆ, ದಯವಿಟ್ಟು ನಿಧಾನವಾಗಿ ಸಾಗಲಿ.