ಅಲ್ಲಾಡಬೇಡಿ ಸ್ವಾಮಿ!

ಮನುಷ್ಯನಿಗೆ ‘ಸುಮ್ಮನೆ ಮಲಗಿರು’ ಅಂತ ಹೇಳಿ ನೋಡಿ. ಮೊದಲು ಮೂಗಿನ ತುದಿ ತುರಿಸುತ್ತದೆ. ಆಮೇಲೆ, ಅಷ್ಟು ಹೊತ್ತು ಇದೆಯೆಂಬ ನೆನಪೇ ಇಲ್ಲದ ಎಡಗಾಲ ಕಿರುಬೆರಳು. ಎಂಆರ್‌ಐ ಕೊಳವೆಯೊಳಗಂತೂ ಕೇಳಲೇಬೇಡಿ. ಹೊರಗಿನಿಂದ ಟೆಕ್ನೀಷಿಯನ್ ಮೈಕಿನಲ್ಲಿ “ಅಜ್ಜಾ, ತಲೆ ಅಲ್ಲಾಡಿಸಬೇಡಿ” ಅಂದರೆ, ಅಜ್ಜ “ಇಲ್ಲಪ್ಪಾ” ಅಂತ ತಲೆ ಅಲ್ಲಾಡಿಸಿಯೇ ಹೇಳುತ್ತಾರೆ.

ಅಲ್ಲಾಡಿದರೆ ಏನು ಮಹಾ ಅನ್ನಬೇಡಿ. ಫೋಟೋದಲ್ಲಾದರೆ ಆಡಿಸಿದ ಕೈಯಷ್ಟೇ ಮಸುಕಾಗುತ್ತದೆ. ಎಂಆರ್‌ಐ ಚಿತ್ರವನ್ನು ನೇರವಾಗಿ ಹಿಡಿಯುವುದೇ ಇಲ್ಲ. ಸಂಕೇತಗಳನ್ನು ಸಾಲುಸಾಲಾಗಿ ಕೂಡಿಹಾಕಿ, ಆಮೇಲೆ ಫೂರಿಯೇ ಗಣಿತದಿಂದ ಚಿತ್ರ ಮಾಡುತ್ತದೆ. ಒಂದೊಂದು ಸಾಲಿನಲ್ಲೂ ಇಡೀ ಚಿತ್ರದ ಸಮಾಚಾರ ಇರುತ್ತದೆ. ಹುಳಿಯ ಹನಿ ಬಿದ್ದರೆ ಹಾಲು ಪಾತ್ರೆಯ ಒಂದು ಮೂಲೆಯಲ್ಲಷ್ಟೇ ಒಡೆಯುತ್ತದೆಯೇ? ಇಲ್ಲೂ ಅದೇ ಕಥೆ. ಎಷ್ಟೇ ಸಂಭಾವಿತ ರೋಗಿಯಾದರೂ ಉಸಿರಾಡುವ ಕೆಟ್ಟ ಚಾಳಿ ಬಿಡುವುದಿಲ್ಲವಾದ್ದರಿಂದ, ಹೊಟ್ಟೆಯ ಗೋಡೆಯ ನೆರಳುನಕಲುಗಳು ಚಿತ್ರದ ಉದ್ದಕ್ಕೂ ಮೆರವಣಿಗೆ ಹೊರಡುತ್ತವೆ.

1977ರಲ್ಲಿ ನ್ಯೂಯಾರ್ಕಿನ ರೇಮಂಡ್ ಡಮಾಡಿಯನ್ ಮನುಷ್ಯದೇಹದ ಮೊದಲ ಸ್ಕ್ಯಾನಿಗೆ ತಾವೇ ಯಂತ್ರದೊಳಗೆ ಕೂತರು. ಸಿಗ್ನಲ್ಲೇ ಬರಲಿಲ್ಲ. ಮೈ ಸ್ವಲ್ಪ ದಪ್ಪವಾಯಿತೆಂದು ತೀರ್ಮಾನವಾಗಿ, ತೆಳ್ಳಗಿದ್ದ ಶಿಷ್ಯ ಲ್ಯಾರಿ ಮಿಂಕಾಫ್ ಜುಲೈಯಲ್ಲಿ ಒಳಗೆ ಹೋದರು. ಎದೆಯ ಒಂದೇ ಒಂದು ಚಿತ್ರಕ್ಕಾಗಿ ಹತ್ತಿರಹತ್ತಿರ 5 ಗಂಟೆ! ಗುರುಗಳ ಹೆಸರು ಚರಿತ್ರೆಗೆ, ಬೆನ್ನುನೋವು ಶಿಷ್ಯನಿಗೆ.

ಅಂಥ ಶಿಷ್ಯರು ಈಗ ಸಿಗುತ್ತಾರೆಯೇ? ಹಾಗಾಗಿ ಯಂತ್ರವೇ ನಮ್ಮ ಚಪಲಕ್ಕೆ ಒಗ್ಗಿಕೊಂಡಿತು. “ಉಸಿರು ಹಿಡ್ಕೊಳ್ಳಿ” ಅನ್ನುವುದು ಹಳೆಯ ಉಪಾಯ. ಹಿಡಿಯಲಾಗದವರಿಗೆ ನ್ಯಾವಿಗೇಟರ್ ಇದೆ. ಅದು ವಪೆಯ ಏರಿಳಿತವನ್ನು ಕಾಯುತ್ತಿದ್ದು, ವಪೆ ತನ್ನ ಜಾಗಕ್ಕೆ ಬಂದಾಗಿನ ಸಂಕೇತವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತದೆ. ನನಗೆ ಬಲು ಮೆಚ್ಚುಗೆಯಾದದ್ದು ಜೇಮ್ಸ್ ಪೈಪ್ 1999ರಲ್ಲಿ ಪ್ರಕಟಿಸಿದ ‘ಪ್ರೊಪೆಲ್ಲರ್’. ಸಾಲುಗಳನ್ನು ಪಟ್ಟಿಪಟ್ಟಿಯಾಗಿ, ಪ್ರತಿ ಸಲವೂ ಒಂದಿಷ್ಟು ತಿರುಗಿಸಿ ಕೂಡಿಹಾಕುವುದು. ಎಲ್ಲ ಪಟ್ಟಿಗಳೂ ನಡುಮಧ್ಯವನ್ನು ಹಾದೇ ಹೋಗುತ್ತವೆ. ಆ ಮಧ್ಯಭಾಗಗಳನ್ನು ಒಂದಕ್ಕೊಂದು ಹೋಲಿಸಿದರೆ ತಲೆ ಯಾವಾಗ, ಎತ್ತ, ಎಷ್ಟು ತಿರುಗಿತೆಂಬ ಗುಟ್ಟು ರಟ್ಟು. ಅಷ್ಟನ್ನೇ ಹಿಂದಕ್ಕೆ ತಿರುಗಿಸಿ ಜೋಡಿಸಿದರಾಯಿತು. ತೀರಾ ಕೆಟ್ಟ ಪಟ್ಟಿಯ ಮಾತಿಗೆ ಹೆಚ್ಚು ಬೆಲೆಯಿಲ್ಲ. ಇನ್ನು ಕೆಲವೆಡೆ ಕ್ಯಾಮೆರಾ ತಲೆಯ ಮೇಲೆ ಕಣ್ಣಿಟ್ಟಿರುತ್ತದೆ. ತಲೆ ವಾಲಿದತ್ತ ಸ್ಕ್ಯಾನೂ ವಾಲುತ್ತದೆ.

ಈಗ ಕೃತಕ ಬುದ್ಧಿಮತ್ತೆಯೂ ಬಂದಿದೆ. ಮಸುಕನ್ನು ಒರೆಸುತ್ತದೆ, ಸಂತೋಷ. ಆದರೆ ಒರೆಸುವ ಉತ್ಸಾಹದಲ್ಲಿ ಇದ್ದ ಗಂಟನ್ನೂ ಒರೆಸಿಬಿಟ್ಟರೆ? ಅಂದವಾದ ಚಿತ್ರ ನೋಡಿ ಮರುಳಾಗುವ ಡಾಕ್ಟರಿಗಿಂತ, ಮಸುಕು ಚಿತ್ರ ನೋಡಿ ಗೊಣಗುವ ಡಾಕ್ಟರೇ ನನಗೆ ವಾಸಿ.

ಎಳೆಗೂಸುಗಳ ವಿಷಯದಲ್ಲಿ ಮಾತ್ರ ಇಷ್ಟೆಲ್ಲ ಗಣಿತ ಎಷ್ಟೋ ಸಲ ಬೇಕಾಗುವುದಿಲ್ಲ. ಹೊಟ್ಟೆತುಂಬ ಹಾಲು ಕುಡಿಸಿ, ಕಿವಿಗೆ ಸದ್ದು ಬೀಳದಂತೆ ಮುಚ್ಚಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಮಲಗಿಸಿದರೆ, ಅರಿವಳಿಕೆಯೂ ಇಲ್ಲದೆ ಸ್ಕ್ಯಾನ್ ಮುಗಿದುಹೋಗುತ್ತದೆ. ದೊಡ್ಡವರಿಗೆ ಇದು ನಡೆಯದು. ಅವರು ನಿದ್ದೆಹೋದರೆ ಗೊರಕೆ ಹೊಡೆಯುತ್ತಾರೆ, ಗೊರಕೆಗೆ ತಲೆ ಕುಲುಕುತ್ತದೆ.